ವಾದಿಯ ಗೈರುಹಾಜರಿಯಿಂದ ವಜಾ ಆದ ದಾವೆ: ಪುನಃಸ್ಥಾಪನೆಯೇ, ಹೊಸ ದಾವೆಯೇ, ಮೇಲ್ಮನವಿಯೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಮನೆಯ ಪಕ್ಕದ ಖಾಲಿ ನಿವೇಶನ ನಮ್ಮದೆಂದು ಘೋಷಿಸಬೇಕು, ನೆರೆಯವರು ಅದರಲ್ಲಿ ಅಡ್ಡಿಪಡಿಸದಂತೆ ಶಾಶ್ವತ ತಡೆಯಾಜ್ಞೆ ಕೊಡಬೇಕು ಎಂದು ನನ್ನ ತಾಯಿ 2019ರಲ್ಲಿ ದಾವೆ ಹೂಡಿದ್ದರು. ತಾತ್ಕಾಲಿಕ ತಡೆಯಾಜ್ಞೆಯೂ ಸಿಕ್ಕಿತ್ತು. ವಿವಾದಾಂಶಗಳು ರಚನೆಯಾಗಿ, ತಾಯಿಯವರ ಮುಖ್ಯ ವಿಚಾರಣೆಯ ಪ್ರಮಾಣಪತ್ರವೂ (ಅಫಿಡವಿಟ್) ಸಲ್ಲಿಕೆಯಾಗಿತ್ತು. ಪಾಟೀಸವಾಲಿಗೆ ನಿಗದಿಯಾದ ಕೆಲವು ದಿನಗಳಂದು ಮಂಡಿನೋವಿನ ಕಾರಣ ಅವರಿಗೆ ಹೋಗಲಾಗಲಿಲ್ಲ. ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಕಳೆದ ವಾರ ನೆರೆಯವರು ಪಾಯ ತೋಡಲು ಶುರು ಮಾಡಿದಾಗ ವಿಚಾರಿಸಿದರೆ, ವಾದಿಯೂ ವಾದಿಯ ವಕೀಲರೂ ಗೈರುಹಾಜರೆಂದು ದಾವೆ ಐದು ತಿಂಗಳ ಹಿಂದೆಯೇ ವಜಾ ಆಗಿದೆ ಎಂದು ತಿಳಿಯಿತು. ನಮ್ಮ ವಕೀಲರು ‘ರಿಸ್ಟೋರ್ ಮಾಡಿಸೋಣ’ ಎನ್ನುತ್ತಾರೆ, ಆದರೆ ಅರ್ಜಿ ಹಾಕಿಲ್ಲ. ನಾವು ಹೊಸ ದಾವೆ ಹಾಕಬಹುದೇ? ಮೇಲ್ಮನವಿ ಹೋಗಬೇಕೇ? ಹಳೆಯ ತಡೆಯಾಜ್ಞೆ ಈಗಲೂ ಇದೆಯೇ?

ಉತ್ತರ: ಚಿಕ್ಕ ಉತ್ತರವನ್ನು ಮೊದಲು ಹೇಳಿ, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ನೀವು ತಿಳಿಸಿದಂತೆಯೇ ಆದೇಶವಿದ್ದರೆ, ದಾವೆಯನ್ನು ವಜಾ ಮಾಡಿದ ನ್ಯಾಯಾಲಯದಲ್ಲಿಯೇ ಆ ಆದೇಶವನ್ನು ರದ್ದುಪಡಿಸಿ ದಾವೆಯನ್ನು ಪುನಃಸ್ಥಾಪಿಸುವಂತೆ ಅರ್ಜಿ ಹಾಕಬೇಕು. ಅದಕ್ಕಿರುವ 30 ದಿನಗಳ ಅವಧಿ ಮುಗಿದುಹೋಗಿರುವುದರಿಂದ ವಿಳಂಬವನ್ನು ಮನ್ನಿಸಬೇಕೆಂಬ ಅರ್ಜಿ ಜೊತೆಗಿರಬೇಕು. ಪಾಯದ ಕೆಲಸ ನಿಲ್ಲಿಸಲು ಪ್ರತ್ಯೇಕವಾದ ಮಧ್ಯಂತರ ಅರ್ಜಿಯೂ ಬೇಕು. ಈ ಮೂರೂ ಒಂದೇ ದಿನ, ಈ ವಾರದೊಳಗೆ ಸಲ್ಲಿಕೆಯಾಗಬೇಕು. ಹೊಸ ದಾವೆಯಿಂದ ನಿಮಗೆ ಪ್ರಯೋಜನವಿಲ್ಲ. ಮೇಲ್ಮನವಿಗೆ ಈ ಹಂತದಲ್ಲಿ ಅವಕಾಶವಿಲ್ಲ.

‘ಆದೇಶ ನೀವು ತಿಳಿಸಿದಂತೆಯೇ ಇದ್ದರೆ’ ಎಂದು ಹೇಳಿದ್ದಕ್ಕೆ ಕಾರಣವಿದೆ. ದಾವೆ ವಜಾ ಆಯಿತು ಎಂಬ ಒಂದೇ ಮಾತಿನ ಹಿಂದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಬೇರೆ ಬೇರೆ ಬಗೆಯ ಆದೇಶಗಳಿರಬಹುದು ಮತ್ತು ಒಂದೊಂದರ ಪರಿಹಾರವೂ ಬೇರೆ. ಆದ್ದರಿಂದ ವಜಾ ಆದ ದಿನದ ಆದೇಶವನ್ನೂ ಅದಕ್ಕೂ ಹಿಂದಿನ ಏಳೆಂಟು ವಾಯಿದೆಗಳ ಆರ್ಡರ್ ಶೀಟನ್ನೂ (ಪ್ರತಿ ವಾಯಿದೆಯಂದು ನಡೆದದ್ದನ್ನು ನ್ಯಾಯಾಲಯ ಬರೆದಿಡುವ ಹಾಳೆ) ಓದದೆ ಯಾವ ಅರ್ಜಿಯನ್ನೂ ಬರೆಯಬಾರದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ನಿಮ್ಮ ದಾವೆಯನ್ನು ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ದಾವೆಯ ದಿನಾಂಕಗಳು ಸಿಗುತ್ತವೆ, ಅಪ್‌ಲೋಡ್ ಆಗಿದ್ದರೆ ಆದೇಶವೂ ಸಿಗುತ್ತದೆ. ಅದು ಮಾಹಿತಿಗೆ ಸಾಕು. ನ್ಯಾಯಾಲಯಕ್ಕೆ ಸಲ್ಲಿಸಲು ದೃಢೀಕೃತ ನಕಲು ಬೇಕು. ನಕಲಿನ ಅರ್ಜಿಯನ್ನು ಇಂದೇ ಹಾಕಿ.

ಆರ್ಡರ್ ಶೀಟಿನಲ್ಲಿ ಮೊದಲು ನೋಡಬೇಕಾದದ್ದು, ಅಂದು ಪ್ರತಿವಾದಿ ಅಥವಾ ಅವರ ವಕೀಲರು ಹಾಜರಿದ್ದರೇ ಎಂಬುದನ್ನು. ಎರಡೂ ಕಡೆಯವರು ಗೈರಾಗಿದ್ದರೆ ದಾವೆಯನ್ನು ವಜಾ ಮಾಡುವ ಅಧಿಕಾರ ಸಂಹಿತೆಯ ಆದೇಶ 9ರ ನಿಯಮ 3ರಲ್ಲಿದೆ (ಸಂಹಿತೆಯ ಅಧ್ಯಾಯದಂಥ ಭಾಗಗಳಿಗೂ ‘ಆದೇಶ’ ಎಂದೇ ಹೆಸರು). ಪ್ರತಿವಾದಿ ಮಾತ್ರ ಹಾಜರಿದ್ದು, ವಾದಿಯ ಹಕ್ಕನ್ನು ಆತ ಒಪ್ಪಿಕೊಳ್ಳದಿದ್ದರೆ, ವಜಾ ಆಗುವುದು ನಿಯಮ 8ರ ಪ್ರಕಾರ. ಮೊದಲನೆಯ ಸಂದರ್ಭದಲ್ಲಿ ವಾದಿ ಪುನಃಸ್ಥಾಪನೆಯನ್ನಾದರೂ ಕೇಳಬಹುದು, ಕಾಲಪರಿಮಿತಿಗೆ, ಅಂದರೆ ದಾವೆ ಹೂಡಲು ಕಾನೂನು ಕೊಟ್ಟಿರುವ ಗಡುವಿಗೆ, ಒಳಪಟ್ಟು ಹೊಸ ದಾವೆಯನ್ನಾದರೂ ಹೂಡಬಹುದು ಎಂದು ನಿಯಮ 4 ಹೇಳುತ್ತದೆ. ಎರಡನೆಯ ಸಂದರ್ಭದಲ್ಲಿ ಅದೇ ವ್ಯಾಜ್ಯ ಕಾರಣದ (ದಾವೆಗೆ ಆಧಾರವಾದ ಸಂಗತಿಗಳ) ಮೇಲೆ ಹೊಸ ದಾವೆ ಹೂಡುವುದನ್ನು ನಿಯಮ 9 ಸ್ಪಷ್ಟವಾಗಿ ನಿರ್ಬಂಧಿಸುತ್ತದೆ; ಸಾಕಷ್ಟು ಕಾರಣ ತೋರಿಸಿ ಪುನಃಸ್ಥಾಪನೆ ಕೇಳುವುದೊಂದೇ ಮಾರ್ಗ. ನೆರೆಯವರ ವಕೀಲರು ಸಾಮಾನ್ಯವಾಗಿ ಪ್ರತಿ ವಾಯಿದೆಗೂ ಬರುತ್ತಿದ್ದರೆ, ನಿಮ್ಮದು ಈ ಎರಡನೆಯ ವರ್ಗಕ್ಕೆ ಸೇರಿರುವ ಸಂಭವವೇ ಹೆಚ್ಚು.

ನಿಮ್ಮ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ದಾವೆ ಸಾಕ್ಷ್ಯದ ಹಂತಕ್ಕೆ ಬಂದ ಮೇಲೆ ಅನ್ವಯವಾಗುವುದು ಆದೇಶ 17. ಮುಂದೂಡಿದ ದಿನದಂದು ಪಕ್ಷಕಾರರು ಬಾರದಿದ್ದರೆ ಆದೇಶ 9ರಲ್ಲಿ ಹೇಳಿದ ರೀತಿಯಲ್ಲಿ ಮುಂದುವರಿಯಬಹುದು ಎನ್ನುತ್ತದೆ ಅದರ ನಿಯಮ 2. ಆದರೆ ಗೈರಾದವರ ಸಾಕ್ಷ್ಯ ಅಥವಾ ಅದರ ಬಹುಭಾಗ ಈಗಾಗಲೇ ದಾಖಲಾಗಿದ್ದರೆ, ಅವರು ಹಾಜರಿದ್ದಾರೆಂದೇ ಭಾವಿಸಿ ನ್ಯಾಯಾಲಯ ದಾವೆಯನ್ನು ಗುಣಾವಗುಣಗಳ ಮೇಲೆ ತೀರ್ಮಾನಿಸಬಹುದು ಎಂದು ಆ ನಿಯಮದ ವಿವರಣೆ ಹೇಳುತ್ತದೆ. ಇನ್ನು ನಿಯಮ 3, ಕಾಲಾವಕಾಶ ಪಡೆದೂ ಸಾಕ್ಷ್ಯ ಹಾಜರುಪಡಿಸದ ಪಕ್ಷಕಾರರಿಗೆ ಸಂಬಂಧಿಸಿದ್ದು. ಪಕ್ಷಕಾರರು ಹಾಜರಿದ್ದರೆ ಮಾತ್ರ ಅದರಡಿ ಅಂದೇ ದಾವೆಯನ್ನು ತೀರ್ಮಾನಿಸಬಹುದು, ಗೈರಿದ್ದರೆ ಮತ್ತೆ ನಿಯಮ 2ಕ್ಕೇ ಹೋಗಬೇಕು. ಗುಣಾವಗುಣಗಳ ಮೇಲೆ ಬಂದ ತೀರ್ಪು ಡಿಕ್ರಿ, ಅಂದರೆ ಪಕ್ಷಕಾರರ ಹಕ್ಕುಗಳ ಬಗೆಗಿನ ನಿರ್ಣಾಯಕ ತೀರ್ಮಾನ, ಆಗುತ್ತದೆ. ಅದನ್ನು ಪುನಃಸ್ಥಾಪನೆಯ ಅರ್ಜಿಯಿಂದ ಅಳಿಸಲಾಗುವುದಿಲ್ಲ. ಕಲಂ 96ರ ಪ್ರಕಾರ ಮೇಲ್ಮನವಿಯೇ ಹೋಗಬೇಕು, ಅವಧಿ ಜಿಲ್ಲಾ ಮಟ್ಟದ ನ್ಯಾಯಾಲಯಕ್ಕಾದರೆ 30 ದಿನ, ಉಚ್ಚ ನ್ಯಾಯಾಲಯಕ್ಕಾದರೆ 90 ದಿನ. ಗೈರುಹಾಜರಿಗಾಗಿ ಮಾಡಿದ ವಜಾ ಆದೇಶವಾದರೋ ಕಲಂ 2(2)ರ ವ್ಯಾಖ್ಯೆಯ ಪ್ರಕಾರ ಡಿಕ್ರಿಯೇ ಅಲ್ಲ. ಆದ್ದರಿಂದಲೇ ಅದರ ಮೇಲೆ ನೇರ ಮೇಲ್ಮನವಿ ಇಲ್ಲ.

ನಿಮ್ಮ ತಾಯಿಯವರ ಮುಖ್ಯ ವಿಚಾರಣೆಯ ಪ್ರಮಾಣಪತ್ರ ಕಡತದಲ್ಲಿದೆ, ಪಾಟೀಸವಾಲು ಆಗಿಲ್ಲ. ಅದನ್ನು ಸಾಕ್ಷ್ಯದ ಬಹುಭಾಗವೆಂದು ಪರಿಗಣಿಸಬಹುದೇ ಎಂದು ವಾದ ಮಾಡಬಹುದು. ಆದರೆ ನ್ಯಾಯಾಲಯ ನಿಜವಾಗಿ ಏನು ಮಾಡಿತು ಎಂಬುದೇ ಇಲ್ಲಿ ಮುಖ್ಯ. ಆದೇಶ ಎರಡು ಮೂರು ಸಾಲಿನದಾಗಿದ್ದು, ‘ಕೂಗಿಸಲಾಯಿತು, ವಾದಿ ಗೈರು, ವಕೀಲರು ಗೈರು, ಸಾಕಷ್ಟು ಅವಕಾಶ ಕೊಡಲಾಗಿದೆ, ದಾವೆಯನ್ನು ನಡೆಸದ ಕಾರಣ ವಜಾ’ ಎಂಬ ಅರ್ಥದಲ್ಲಿ ಇದ್ದರೆ, ನಿಯಮದ ಸಂಖ್ಯೆ ಬರೆದಿರದಿದ್ದರೂ ಅದು ಗೈರುಹಾಜರಿಯ ವಜಾ. ವಿವಾದಾಂಶಗಳನ್ನು ಒಂದೊಂದಾಗಿ ತೆಗೆದುಕೊಂಡು, ವಾದಿ ತನ್ನ ಹಕ್ಕನ್ನು ರುಜುವಾತುಪಡಿಸಿಲ್ಲ ಎಂದು ಕಾರಣ ಸಹಿತ ಉತ್ತರಿಸಿ, ಡಿಕ್ರಿ ತಯಾರಿಸುವಂತೆ ನಿರ್ದೇಶಿಸಿದ್ದರೆ ಅದು ತೀರ್ಪು. ಈ ವ್ಯತ್ಯಾಸವನ್ನು ಗಮನಿಸದೆ ತೀರ್ಪಿನ ಮೇಲೆ ಪುನಃಸ್ಥಾಪನೆಯ ಅರ್ಜಿ ಹಾಕಿಕೊಂಡು ಎರಡು ವರ್ಷ ಕಳೆದು, ಕೊನೆಗೆ ಮೇಲ್ಮನವಿಯ ಅವಧಿಯನ್ನೂ ಕಳೆದುಕೊಂಡ ಕಕ್ಷಿದಾರರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ, ಏಕೆಂದರೆ ಅರ್ಧ ಗಂಟೆ ಕುಳಿತು ಆದೇಶ ಓದಿದ್ದರೆ ಅದು ತಪ್ಪುತ್ತಿತ್ತು.

ಹೊಸ ದಾವೆಯ ಬಗ್ಗೆ ನಿಮಗಿರುವ ಆಸೆ ನನಗೆ ಅರ್ಥವಾಗುತ್ತದೆ: ವಿಳಂಬಕ್ಕೆ ವಿವರಣೆ ಕೊಡಬೇಕಾಗಿಲ್ಲ, ಹೊಸ ವಕೀಲರು, ಹೊಸ ಸಂಖ್ಯೆ. ಆದರೆ ಎರಡೂ ಕಡೆಯವರು ಗೈರಾಗಿದ್ದು ನಿಯಮ 4 ನಿಮಗೆ ಅನುಮತಿ ಕೊಡುತ್ತದೆ ಎಂದೇ ಇಟ್ಟುಕೊಂಡರೂ ಕಾಲಪರಿಮಿತಿ ಅಡ್ಡ ಬರುತ್ತದೆ. ಹಕ್ಕು ಘೋಷಣೆಯ ದಾವೆಗೆ 1963ರ ಕಾಲಪರಿಮಿತಿ ಕಾಯ್ದೆಯ ಅನುಚ್ಛೇದ 58ರ ಪ್ರಕಾರ, ದಾವೆ ಹೂಡುವ ಹಕ್ಕು ಮೊದಲ ಬಾರಿಗೆ ಉದ್ಭವಿಸಿದಂದಿನಿಂದ ಮೂರು ವರ್ಷಗಳ ಅವಧಿ. ನೆರೆಯವರು ನಿಮ್ಮ ಹಕ್ಕನ್ನು ಅಲ್ಲಗಳೆದದ್ದರಿಂದಲೇ 2019ರಲ್ಲಿ ನ್ಯಾಯಾಲಯಕ್ಕೆ ಹೋದಿರಿ; ಆ ಮೂರು ವರ್ಷ ಎಂದೋ ಮುಗಿದಿದೆ. ಹಳೆಯ ದಾವೆ ನಡೆಯುತ್ತಿದ್ದ ವರ್ಷಗಳನ್ನು ಕಳೆಯುವಂತೆ ಕಲಂ 14ನ್ನು ಆಶ್ರಯಿಸಲೂ ಆಗುವುದಿಲ್ಲ. ಅಧಿಕಾರ ವ್ಯಾಪ್ತಿಯ ದೋಷದಂಥ ಕಾರಣದಿಂದ ನಿಂತುಹೋದ ವ್ಯವಹರಣೆಗೆ ಅದು ಸಲ್ಲುತ್ತದೆ, ವಾದಿಯೇ ಹಾಜರಾಗದೆ ಕೈಬಿಟ್ಟ ವ್ಯವಹರಣೆಗಲ್ಲ. ನ್ಯಾಯಾಲಯ ಶುಲ್ಕವನ್ನು ಮತ್ತೆ ಕಟ್ಟಬೇಕಾಗುತ್ತದೆ ಎಂಬುದು ಇದಕ್ಕೆ ಹೋಲಿಸಿದರೆ ಸಣ್ಣ ತೊಂದರೆ.

ಪಾಯ ತೋಡಿದ್ದು ಹೊಸ ಘಟನೆ, ಹೊಸ ವ್ಯಾಜ್ಯ ಕಾರಣ, ಅದರ ಮೇಲೆ ಬರೀ ತಡೆಯಾಜ್ಞೆಯ ದಾವೆ ಹೂಡೋಣ ಎಂಬ ಸಲಹೆಯೂ ನಿಮಗೆ ಬರಬಹುದು. ಅನತುಲ ಸುಧಾಕರ್ ಪ್ರಕರಣದಲ್ಲಿ 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವಂತೆ, ಹಕ್ಕಿನ ಬಗ್ಗೆಯೇ ಗಂಭೀರ ವಿವಾದವಿದ್ದಾಗ ಘೋಷಣೆಯನ್ನು ಕೇಳದೆ ಬರೀ ತಡೆಯಾಜ್ಞೆ ಕೇಳುವುದು ಸರಿಯಾದ ಪರಿಹಾರವಲ್ಲ. ನಿಮ್ಮದೇ ಹಳೆಯ ದಾವಾಪತ್ರ ಹಕ್ಕಿನ ವಿವಾದವಿದೆ ಎಂದು ಒಪ್ಪಿಕೊಂಡಿದೆ. ಹಾಗಾಗಿ ಆ ದಾರಿಯನ್ನು ನಾನು ಸೂಚಿಸುವುದಿಲ್ಲ. ಪಾಲು ವಿಭಾಗದ ದಾವೆಗಳ ಸ್ಥಿತಿ ಬೇರೆ: ಆಸ್ತಿ ಒಟ್ಟಾಗಿರುವವರೆಗೂ ಪಾಲು ಕೇಳುವ ಹಕ್ಕು ಮುಂದುವರಿಯುತ್ತಲೇ ಇರುತ್ತದೆ ಎಂಬ ಕಾರಣದಿಂದ, ಗೈರುಹಾಜರಿಯಲ್ಲಿ ವಜಾ ಆದ ಬಳಿಕವೂ ಹೊಸ ಪಾಲು ದಾವೆಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿವೆ. ಯಾರೋ ಸಂಬಂಧಿಕರು ತಮ್ಮ ವಾಟ್ನಿ ಕೇಸಿನ ಅನುಭವವನ್ನು ನಿಮಗೆ ಹೇಳಿದರೆ ಅದನ್ನು ನಿಮ್ಮ ದಾವೆಗೆ ಅನ್ವಯಿಸಿಕೊಳ್ಳಬೇಡಿ. ಒಂದು ಧೈರ್ಯದ ಮಾತನ್ನು ಮಾತ್ರ ಇಲ್ಲಿಯೇ ಹೇಳಬೇಕು. ಗೈರುಹಾಜರಿಯ ವಜಾ ಎಂದರೆ ನಿವೇಶನ ನಿಮ್ಮದಲ್ಲ ಎಂದು ಯಾರೂ ತೀರ್ಮಾನಿಸಿಲ್ಲ. ನಿಯಮ 9 ತಡೆಯುವುದು ನೀವು ಹೊಸ ದಾವೆ ಹೂಡುವುದನ್ನು. ನೆರೆಯವರೇ ನಾಳೆ ನಿಮ್ಮ ಮೇಲೆ ದಾವೆ ಹೂಡಿದರೆ ಪ್ರತಿವಾದಿಯಾಗಿ ನಿಮ್ಮ ಹಕ್ಕನ್ನು ಪ್ರತಿಪಾದಿಸುವುದಕ್ಕೆ ಅದು ಅಡ್ಡಿಯಲ್ಲ.

ಈಗ ಅವಧಿಯ ಲೆಕ್ಕ. ಗೈರುಹಾಜರಿಗಾಗಲಿ, ನಡೆಸದ ಕಾರಣಕ್ಕಾಗಲಿ, ಸಮನ್ಸಿನ ಶುಲ್ಕ ಕಟ್ಟದ್ದಕ್ಕಾಗಲಿ ವಜಾ ಆದ ದಾವೆಯ ಪುನಃಸ್ಥಾಪನೆಗೆ ಕಾಲಪರಿಮಿತಿ ಕಾಯ್ದೆಯ ಅನುಚ್ಛೇದ 122 ವಜಾ ಆದ ದಿನಾಂಕದಿಂದ 30 ದಿನ ಕೊಡುತ್ತದೆ. ಇಲ್ಲಿ ‘ನಮಗೆ ತಿಳಿದ ದಿನದಿಂದ’ ಎಂಬ ಮಾತಿಲ್ಲ. ಸಮನ್ಸು ಸರಿಯಾಗಿ ಜಾರಿಯಾಗದ ಪ್ರತಿವಾದಿಗೆ, ತನ್ನ ಗೈರಿನಲ್ಲಿ ಆದ ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಲು ಅನುಚ್ಛೇದ 123ರಲ್ಲಿ ಆ ಸೌಲಭ್ಯವಿದೆ, ವಾದಿಗಿಲ್ಲ. ದಾವೆ ಹೂಡಿದವರು ಅದರ ದಿನಾಂಕಗಳನ್ನು ಅರಿತಿರುತ್ತಾರೆ ಎಂಬುದು ಕಾನೂನಿನ ನಿರೀಕ್ಷೆ. ಆದೇಶದ ದಿನವನ್ನು ಬಿಟ್ಟು ಮಾರನೆಯ ದಿನದಿಂದ ಎಣಿಸಬೇಕು. ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಬಹುದು. ಮೇಲ್ಮನವಿಯಲ್ಲಿ ನಕಲು ಪಡೆಯಲು ಹಿಡಿದ ದಿನಗಳನ್ನು ಲೆಕ್ಕದಿಂದ ಕಳೆಯಲಾಗುತ್ತದೆ. ಪುನಃಸ್ಥಾಪನೆಯ ಅರ್ಜಿಗೆ ಕಲಂ 12 ಆ ರಿಯಾಯಿತಿಯನ್ನು ಕೊಟ್ಟಿಲ್ಲ. ಆದ್ದರಿಂದ ನಕಲು ಬರಲಿ ಎಂದು ಕಾಯಬಾರದು. ಅದನ್ನು ಆಮೇಲೂ ಹಾಜರುಪಡಿಸಬಹುದು.

ವಿಳಂಬ ಮನ್ನಾ ಅರ್ಜಿ ಅದೇ ಕಾಯ್ದೆಯ ಕಲಂ 5ರ ಪ್ರಕಾರ. ನೀವು ಎರಡು ಬೇರೆ ಬೇರೆ ಸಂಗತಿಗಳಿಗೆ ಉತ್ತರ ಕೊಡಬೇಕಾಗಿದೆ ಎಂಬುದನ್ನು ದಯವಿಟ್ಟು ಗಮನಿಸಿ. ವಜಾ ಆದ ಆ ಒಂದು ದಿನ ತಾಯಿಯವರೂ ವಕೀಲರೂ ಏಕೆ ಬರಲಿಲ್ಲ ಎಂಬುದು ಒಂದು. ಆಮೇಲಿನ 30 ದಿನಗಳೊಳಗೆ ಅರ್ಜಿಯನ್ನು ಏಕೆ ಹಾಕಲಿಲ್ಲ, ಅಲ್ಲಿಂದ ಇಂದಿನವರೆಗೆ ಏಕೆ ತಡವಾಯಿತು ಎಂಬುದು ಇನ್ನೊಂದು. ಮೊದಲನೆಯದು ಪುನಃಸ್ಥಾಪನೆಯ ಅರ್ಜಿಯ ಪ್ರಮಾಣಪತ್ರದಲ್ಲಿ ಬರಬೇಕು, ಎರಡನೆಯದು ವಿಳಂಬ ಮನ್ನಾ ಅರ್ಜಿಯ ಪ್ರಮಾಣಪತ್ರದಲ್ಲಿ. ಎರಡಕ್ಕೂ ಒಂದೇ ಒಕ್ಕಣೆಯನ್ನು ನಕಲು ಮಾಡಿ ಹಾಕಿದ ಅರ್ಜಿಗಳನ್ನು ನೋಡುತ್ತಲೇ ಇರುತ್ತೇವೆ. ಎದುರು ವಕೀಲರ ಪಾಟೀಸವಾಲಿನಲ್ಲಿ ಅವು ನಿಲ್ಲುವುದಿಲ್ಲ.

ಮೊದಲ ಸಂಗತಿಯಲ್ಲಿ ಕಾನೂನು ನಿಮಗೆ ಸ್ವಲ್ಪ ಅನುಕೂಲಕರವಾಗಿದೆ. ಜಿ.ಪಿ. ಶ್ರೀವಾಸ್ತವ ಪ್ರಕರಣದಲ್ಲಿ 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಏಕಪಕ್ಷೀಯ ಡಿಕ್ರಿಯ ಸಂದರ್ಭದಲ್ಲಿ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ: ಸಾಕಷ್ಟು ಕಾರಣವಿತ್ತೇ ಎಂಬುದನ್ನು ಯಾವ ದಿನದ ಗೈರುಹಾಜರಿಯ ಮೇಲೆ ಆದೇಶವಾಯಿತೋ ಆ ದಿನಕ್ಕೆ ಸಂಬಂಧಿಸಿ ನೋಡಬೇಕು, ಅದಕ್ಕೂ ಹಿಂದಿನ ನಿರ್ಲಕ್ಷ್ಯವನ್ನು ಅದಕ್ಕೆ ಜೋಡಿಸಬಾರದು. ಹಿಂದಿನ ಮೂರು ನಾಲ್ಕು ವಾಯಿದೆಗಳಿಗೆ ತಾಯಿಯವರು ಬಂದಿರಲಿಲ್ಲ ಎಂದು ಪ್ರತಿವಾದಿ ಹೇಳಿದಾಗ ಇದನ್ನು ಮುಂದಿಡಬಹುದು. ಹಾಗೆಂದು ಹಿಂದಿನ ಗೈರುಗಳನ್ನು ಮುಚ್ಚಿಡಬೇಡಿ, ಆರ್ಡರ್ ಶೀಟ್ ನ್ಯಾಯಾಧೀಶರ ಮುಂದೆಯೇ ಇರುತ್ತದೆ. ಮಂಡಿನೋವಿದ್ದದ್ದು ನಿಜವಾದರೆ ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಔಷಧದ ರಶೀದಿ ಇರುತ್ತವೆ. ಅವುಗಳ ದಿನಾಂಕಗಳು ಪ್ರಮಾಣಪತ್ರದ ದಿನಾಂಕಗಳಿಗೆ ಹೊಂದಬೇಕು. ಆ ದಿನಕ್ಕೇ ಹೊಂದುವಂತೆ ಈಗ ಹೊಸದಾಗಿ ವೈದ್ಯಕೀಯ ಪ್ರಮಾಣಪತ್ರ ಬರೆಸಿಕೊಳ್ಳುವ ಯೋಚನೆಯನ್ನೇ ಮಾಡಬೇಡಿ. ಅದು ಸುಳ್ಳು ಸಾಕ್ಷ್ಯ. ಮತ್ತೆ, ನಿಜವಾದ ಕಾಯಿಲೆಯ ದಾಖಲೆಗಳನ್ನೂ ಅದು ಅನುಮಾನಾಸ್ಪದವಾಗಿಸುತ್ತದೆ. ಅಂದು ತಾಯಿಯವರಿಗೆ ದಿನಾಂಕವೇ ಗೊತ್ತಿರಲಿಲ್ಲವಾದರೆ ಹಾಗೆಂದೇ ಬರೆಯಿರಿ.

ಎರಡನೆಯ ಸಂಗತಿಯಲ್ಲಿ ನ್ಯಾಯಾಲಯಗಳ ಧೋರಣೆ ಈಗ ಮೊದಲಿಗಿಂತ ಬಿಗಿಯಾಗಿದೆ. ಅನಂತನಾಗ್ ಭೂಸ್ವಾಧೀನ ಕಲೆಕ್ಟರರ ಪ್ರಕರಣದಲ್ಲಿ 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಉದಾರ ದೃಷ್ಟಿಯಿಂದ ನೋಡಬೇಕು ಎಂದಿತು, 1998ರ ಎನ್. ಬಾಲಕೃಷ್ಣನ್ ಪ್ರಕರಣದಲ್ಲಿ, ವಿಳಂಬ ಎಷ್ಟು ಉದ್ದ ಎಂಬುದಕ್ಕಿಂತ ಕೊಟ್ಟ ವಿವರಣೆ ಒಪ್ಪತಕ್ಕದ್ದೇ ಎಂಬುದು ಅಳತೆಗೋಲು ಎಂದಿತು. ಈ ಎರಡು ತೀರ್ಪುಗಳನ್ನು ಪ್ರತಿ ಅರ್ಜಿಯಲ್ಲೂ ಉಲ್ಲೇಖಿಸುತ್ತಾರೆ. ಆದರೆ ಕರ್ನಾಟಕದಿಂದಲೇ ಹೋದ ಬಸವರಾಜ್ ಪ್ರಕರಣದಲ್ಲಿ 2013ರಲ್ಲಿ, ವಿವರಣೆಯಿಲ್ಲದ ವಿಳಂಬವನ್ನು ಅನುಕಂಪದ ಮೇಲೆ ಮನ್ನಿಸುವಂತಿಲ್ಲ ಎಂದು ಅದೇ ನ್ಯಾಯಾಲಯ ಹೇಳಿದೆ. ಕರ್ನಾಟಕ ಗೃಹ ಮಂಡಳಿಯ 3,966 ದಿನಗಳ ವಿಳಂಬವನ್ನು ನಮ್ಮ ಉಚ್ಚ ನ್ಯಾಯಾಲಯ ಮನ್ನಿಸಿದ್ದನ್ನು 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ಅವುಗಳ ಮುಂದೆ ನಿಮ್ಮ ನಾಲ್ಕು ತಿಂಗಳ ವಿಳಂಬ ಚಿಕ್ಕದು, ವಿವರಣೆ ಪ್ರಾಮಾಣಿಕವಾಗಿದ್ದರೆ ಮನ್ನಾ ಆಗುವ ಸಂಭವ ಚೆನ್ನಾಗಿಯೇ ಇದೆ ಎಂದು ನನ್ನ ಅಭಿಪ್ರಾಯ. ಚಿಕ್ಕ ವಿಳಂಬ ದೊಡ್ಡದಾಗುವುದು ಗೊತ್ತಾದ ಮೇಲೆ ಕಳೆಯುವ ದಿನಗಳಿಂದ. ತಿಳಿದ ದಿನದಿಂದ ಅರ್ಜಿ ಹಾಕಿದ ದಿನದವರೆಗಿನ ಅಂತರವನ್ನು ನ್ಯಾಯಾಧೀಶರು ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ನೋಡುತ್ತಾರೆ. ಈ ವಾರದೊಳಗೆ ಎಂದು ನಾನು ಒತ್ತಿ ಹೇಳಿದ್ದು ಇದಕ್ಕಾಗಿ.

ವಕೀಲರ ತಪ್ಪಿಗೆ ಕಕ್ಷಿದಾರರು ಬೆಲೆ ತೆರಬೇಕೇ ಎಂದು ನೀವು ಕೇಳಿಲ್ಲ, ಆದರೆ ಅದು ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ರಫೀಕ್ ಪ್ರಕರಣದಲ್ಲಿ 1981ರಲ್ಲಿ ಸರ್ವೋಚ್ಚ ನ್ಯಾಯಾಲಯ, ವಕೀಲರನ್ನು ನೇಮಿಸಿ ಶುಲ್ಕ ಕೊಟ್ಟು ಊರಿಗೆ ಹೋದ ಗ್ರಾಮೀಣ ಕಕ್ಷಿದಾರ ತನ್ನ ಕೈಲಾದದ್ದನ್ನು ಮಾಡಿದ್ದಾನೆ, ವಕೀಲರ ಗೈರುಹಾಜರಿಗೆ ಅವನನ್ನು ಶಿಕ್ಷಿಸಬಾರದು ಎಂಬ ನಿಲುವು ತಳೆಯಿತು. ಹನ್ನೆರಡು ವರ್ಷಗಳ ನಂತರ, ಸಲೀಲ್ ದತ್ತಾ ಪ್ರಕರಣದಲ್ಲಿ, ಅದು ಎಲ್ಲ ಸಂದರ್ಭಕ್ಕೂ ಸಲ್ಲುವ ನಿಯಮವಲ್ಲ, ವಕೀಲರು ಕಕ್ಷಿದಾರರ ಪ್ರತಿನಿಧಿ, ಅವರು ಮಾಡಿದ್ದಕ್ಕೆ ಸಾಮಾನ್ಯವಾಗಿ ಕಕ್ಷಿದಾರರು ಬದ್ಧರು ಎಂದಿತು. ಕಕ್ಷಿದಾರರು ಎಲ್ಲ ಹೊಣೆಯನ್ನೂ ವಕೀಲರ ಮೇಲೆ ಹಾಕಿ ತಪ್ಪಿಸಿಕೊಳ್ಳಲಾಗದು, ತಮ್ಮ ದಾವೆಯ ಬಗ್ಗೆ ತಾವೂ ಎಚ್ಚರವಾಗಿರಬೇಕು ಎಂಬ ಮಾತು ಅದೇ ನ್ಯಾಯಾಲಯದಿಂದ 2024ರಲ್ಲಿಯೂ ಬಂದಿದೆ. ವಯಸ್ಸಾದ, ನಡೆಯಲು ಕಷ್ಟವಿರುವ ನಿಮ್ಮ ತಾಯಿಯವರ ಪರಿಸ್ಥಿತಿ ರಫೀಕ್ ಪ್ರಕರಣಕ್ಕೆ ಹತ್ತಿರವಾಗಿದೆ. ಮೊಬೈಲಿನಲ್ಲಿ ದಾವೆಯ ಸ್ಥಿತಿಯನ್ನು ನೋಡಬಲ್ಲ ಮಗ ಇದ್ದಾರೆ ಎಂಬುದನ್ನು ಎದುರು ಪಕ್ಷ ಖಂಡಿತ ಎತ್ತುತ್ತದೆ. ಹಾಗಾಗಿ ‘ವಕೀಲರು ತಿಳಿಸಲಿಲ್ಲ’ ಎಂಬ ಒಂದು ವಾಕ್ಯದಲ್ಲಿ ಮುಗಿಸದೆ, ಆ ಐದು ತಿಂಗಳಲ್ಲಿ ನೀವು ಅಥವಾ ತಾಯಿಯವರು ವಕೀಲರನ್ನು ಯಾವಾಗ ಸಂಪರ್ಕಿಸಿದಿರಿ, ಏನು ಉತ್ತರ ಬಂತು ಎಂಬುದನ್ನು ದಿನಾಂಕ ಸಹಿತ ಬರೆಯಿರಿ. ವಾಟ್ಸ್ಆ್ಯಪ್ ಸಂದೇಶಗಳಿದ್ದರೆ ಅಳಿಸದೆ ಉಳಿಸಿಕೊಳ್ಳಿ.

ಅರ್ಜಿ ಹಾಕಿದ ನಂತರ ಅದಕ್ಕೆ ನಮ್ಮ ನ್ಯಾಯಾಲಯಗಳಲ್ಲಿ ಪ್ರತ್ಯೇಕ ಮಿಸಲೇನಿಯಸ್ ಸಂಖ್ಯೆ ಬೀಳುತ್ತದೆ. ಪ್ರತಿವಾದಿಗೆ ನೋಟಿಸು ಕೊಡದೆ ಪುನಃಸ್ಥಾಪಿಸುವಂತಿಲ್ಲ. ಆಕ್ಷೇಪಣೆ ಬಂದರೆ ಅರ್ಜಿದಾರರು ಸಾಕ್ಷಿಕಟ್ಟೆ ಹತ್ತಬೇಕಾಗಬಹುದು. ಕಾರಣ ಒಪ್ಪಿಗೆಯಾದರೆ ಖರ್ಚು ಕೊಡುವ ಷರತ್ತಿನ ಮೇಲೆ ದಾವೆ ಪುನಃಸ್ಥಾಪನೆಯಾಗುತ್ತದೆ. ಆ ಹಣವನ್ನು ಹೇಳಿದ ದಿನದೊಳಗೆ ಕಟ್ಟಿಬಿಡಿ. ಆದೇಶ 9ರ ನಿಯಮ 9ರಡಿ ಹಾಕಿದ ಅರ್ಜಿ ವಜಾ ಆದರೆ ಆದೇಶ 43ರ ನಿಯಮ 1(ಸಿ) ಪ್ರಕಾರ ಮೇಲ್ಮನವಿ ಇದೆ. ನೀವು ಕೇಳಿದ ಮೇಲ್ಮನವಿ ಬರುವುದು ಆ ಹಂತದಲ್ಲಿ, ಈಗಲ್ಲ.

ತಡೆಯಾಜ್ಞೆಯ ವಿಷಯ ನಿಮಗೆ ಎಲ್ಲಕ್ಕಿಂತ ತುರ್ತಿನದು. ದಾವೆ ವಜಾ ಆದೊಡನೆ ತಾತ್ಕಾಲಿಕ ತಡೆಯಾಜ್ಞೆಯೂ ಕೊನೆಗೊಂಡಿದೆ. ಆದ್ದರಿಂದ ಇಂದು ನೆರೆಯವರು ಪಾಯ ತೋಡುವುದನ್ನು ನ್ಯಾಯಾಲಯದ ಆದೇಶದ ಉಲ್ಲಂಘನೆ ಎನ್ನಲಾಗದು. ಆ ಕಾರಣ ಹೇಳಿ ಪೊಲೀಸ್ ಠಾಣೆಗೆ ಹೋದರೆ ಸಮಯ ವ್ಯರ್ಥವಾಗುತ್ತದೆ. ವರೀದ್ ಜೇಕಬ್ ಪ್ರಕರಣದಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತದ ತೀರ್ಪು, ಗೈರುಹಾಜರಿಯಲ್ಲಿ ವಜಾ ಆದ ದಾವೆ ಪುನಃಸ್ಥಾಪನೆಯಾದಾಗ, ಆದೇಶದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಹಿಂದಿನ ಮಧ್ಯಂತರ ಆದೇಶಗಳೂ ಮತ್ತೆ ಜಾರಿಗೆ ಬರುತ್ತವೆ ಎಂದಿದೆ. ಆದರೂ ಸಂದಿಗ್ಧಕ್ಕೆ ಎಡೆಯಿಲ್ಲದಂತೆ, ಹಳೆಯ ತಡೆಯಾಜ್ಞೆ ಮುಂದುವರಿಯಬೇಕು ಎಂಬ ಕೋರಿಕೆಯನ್ನು ಪುನಃಸ್ಥಾಪನೆಯ ಅರ್ಜಿಯಲ್ಲೇ ಸೇರಿಸಿ. ಅಲ್ಲಿಯವರೆಗೆ ಕಟ್ಟಡ ಮೇಲೇಳದಂತೆ, ಮಿಸಲೇನಿಯಸ್ ಪ್ರಕರಣದಲ್ಲಿಯೇ ಯಥಾಸ್ಥಿತಿಯ ಆದೇಶವನ್ನು ಕೋರಿ ಮಧ್ಯಂತರ ಅರ್ಜಿ ಹಾಕಬೇಕು. ತೋಡಿದ ಪಾಯದ ಫೋಟೋಗಳನ್ನು ದಿನಾಂಕದೊಂದಿಗೆ ತೆಗೆದಿಡಿ. ಅವರು ಪುರಸಭೆಯಿಂದ ಕಟ್ಟಡ ಪರವಾನಗಿ ಪಡೆದಿದ್ದಾರೆಯೇ ಎಂದು ವಿಚಾರಿಸಿ, ನಿಮ್ಮ ಲಿಖಿತ ಆಕ್ಷೇಪಣೆಯನ್ನು ಅಲ್ಲಿ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳಿ. ನಿವೇಶನವನ್ನು ಅವರು ಈ ನಡುವೆ ಮಾರಿದರೆ ಏನು ಗತಿ ಎಂಬ ಭಯವಿದ್ದರೆ, ಪುನಃಸ್ಥಾಪನೆಯಾದ ದಾವೆಗೆ ಮಧ್ಯದ ಅವಧಿಯ ವರ್ಗಾವಣೆಯನ್ನೂ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 52ರ ವ್ಯಾಪ್ತಿಗೆ ತಂದ ತೀರ್ಪುಗಳಿವೆ. ಆದರೆ ಹೊಸ ಖರೀದಿದಾರರು ಬಂದರೆ ದಾವೆ ಇನ್ನಷ್ಟು ಉದ್ದವಾಗುತ್ತದೆ.

ನಿಮ್ಮ ವಕೀಲರು ಅರ್ಜಿ ಹಾಕುವುದನ್ನು ಮುಂದೂಡುತ್ತಿದ್ದರೆ ವಕೀಲರನ್ನು ಬದಲಿಸುವ ಹಕ್ಕು ನಿಮಗಿದೆ. ಅವರ ನಿರಾಕ್ಷೇಪಣೆ ಪಡೆದು ಹೊಸ ವಕಾಲತ್ತು ಸಲ್ಲಿಸುವುದು ರೂಢಿ. ಬಾಕಿ ಶುಲ್ಕದ ಕಾರಣ ಹೇಳಿ ಕಡತವನ್ನು ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲಿ ತೀರ್ಮಾನವಾಗಿದೆ. ಕರ್ತವ್ಯಲೋಪದ ದೂರನ್ನು ರಾಜ್ಯ ವಕೀಲರ ಪರಿಷತ್ತಿಗೆ ಕೊಡಬಹುದು. ಗ್ರಾಹಕರ ಆಯೋಗಕ್ಕೆ ಹೋಗಲಾಗದು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ದೂರಿನ ಯೋಚನೆ ಮಾತ್ರ ಆಮೇಲಿರಲಿ, ಮೊದಲು ಅರ್ಜಿ. ಅಂದು ತಾವು ಬರಲಾಗದ ಕಾರಣವನ್ನು ನಿಮ್ಮ ಹಳೆಯ ವಕೀಲರೇ ಪ್ರಮಾಣಪತ್ರದಲ್ಲಿ ಹೇಳಿದರೆ ಅದಕ್ಕಿರುವಷ್ಟು ತೂಕ ನಿಮ್ಮ ಆರೋಪಕ್ಕಿರುವುದಿಲ್ಲ. ಹೊಸ ವಕೀಲರಿಗೆ ಕೊಡಲು ಹಣದ ಅಡಚಣೆಯಿದ್ದರೆ, ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಇರುವ ಕಾನೂನು ಸೇವಾ ಸಮಿತಿಗೆ ತಾಯಿಯವರ ಹೆಸರಿನಲ್ಲಿ ಅರ್ಜಿ ಕೊಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರ ಪ್ರಕಾರ ಮಹಿಳೆಯರು ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. 15100 ಸಂಖ್ಯೆಗೆ ಕರೆ ಮಾಡಿಯೂ ಮಾಹಿತಿ ಪಡೆಯಬಹುದು.

ಇದೇ ತೊಂದರೆ ಬೇರೆ ಹಂತಗಳಲ್ಲಿ ಎದುರಾದವರಿಗಾಗಿ ಎರಡು ಮಾತು ಸೇರಿಸುತ್ತೇನೆ. ಸಮನ್ಸು ಜಾರಿಯಾಗದೆ ಹಿಂದಿರುಗಿ ಬಂದ ಮೇಲೆ ಏಳು ದಿನಗಳೊಳಗೆ ಹೊಸ ಸಮನ್ಸಿಗೆ ಅರ್ಜಿ ಹಾಕದಿದ್ದರೂ ದಾವೆ ವಜಾ ಆಗಬಹುದು. ಮೊದಲು ಒಂದು ತಿಂಗಳಿದ್ದ ಈ ಅವಧಿ 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇಳಿಯಿತು. ಡಿಕ್ರಿಯ ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಜಾರಿ ಮಾಡಿಸಲು ಹಾಕುವ ಅರ್ಜಿ) ಗೈರುಹಾಜರಿಯಲ್ಲಿ ವಜಾ ಆದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿಯೂ 30 ದಿನವೇ, ಆದರೆ ಅಮಲ್ಜಾರಿಗೆ ಸಂಬಂಧಿಸಿದ ಆದೇಶ 21ರ ಅರ್ಜಿಗಳಿಗೆ ಕಲಂ 5ರ ವಿಳಂಬ ಮನ್ನಾ ಅನ್ವಯಿಸುವುದಿಲ್ಲ ಎಂದು ದಾಮೋದರನ್ ಪಿಳ್ಳೈ ಪ್ರಕರಣದಲ್ಲಿ 2005ರಲ್ಲಿ ಸ್ಪಷ್ಟವಾಗಿದೆ. ಅಂಥವರು ಡಿಕ್ರಿಯ ಹನ್ನೆರಡು ವರ್ಷದ ಅವಧಿ ಉಳಿದಿದ್ದರೆ ಹೊಸ ಅಮಲ್ಜಾರಿ ಅರ್ಜಿಯನ್ನೇ ಹಾಕುವುದು ಒಳ್ಳೆಯದು.

ನಿಮ್ಮ ದಾವೆ ಪುನಃಸ್ಥಾಪನೆಯಾದ ದಿನವೇ ಪಾಟೀಸವಾಲಿನ ಪ್ರಶ್ನೆ ಮತ್ತೆ ಎದುರಾಗುತ್ತದೆ. ವಿಚಾರಣೆಯ ವೇಳೆ ಒಬ್ಬ ಪಕ್ಷಕಾರರಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡುವಂತಿಲ್ಲ ಎಂಬುದು ಆದೇಶ 17ರ ನಿಯಮ 1ರ ಮಾತು. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯ, ಪಕ್ಷಕಾರರ ಕೈಮೀರಿದ ಅಸಾಧಾರಣ ಸಂದರ್ಭಗಳಿಗೆ ಮಾತ್ರ ಅದನ್ನು ಸಡಿಲಿಸಿದೆ. ಒಮ್ಮೆ ಪುನಃಸ್ಥಾಪನೆಯಾದ ದಾವೆಗೆ ಎರಡನೆಯ ಸಲ ಆ ಸಹಾನುಭೂತಿ ಸಿಗುವುದು ಕಷ್ಟ. ತಾಯಿಯವರಿಗೆ ನ್ಯಾಯಾಲಯಕ್ಕೆ ಬರಲು ನಿಜವಾಗಿ ಕಷ್ಟವಿದ್ದರೆ, ಆದೇಶ 26ರ ಪ್ರಕಾರ ಮನೆಯಲ್ಲಿಯೇ ಸಾಕ್ಷ್ಯ ದಾಖಲಿಸಲು ಕೋರ್ಟ್ ಕಮಿಷನರರ ನೇಮಕ ಕೋರಿ ವೈದ್ಯಕೀಯ ದಾಖಲೆಗಳೊಂದಿಗೆ ಅರ್ಜಿಯನ್ನು ಈಗಿನಿಂದಲೇ ಸಿದ್ಧಪಡಿಸಿಟ್ಟುಕೊಳ್ಳಿ. ಅವರ ಬದಲು ಮುಖ್ತಿಯಾರ್‌ನಾಮೆ ಪಡೆದು ನೀವೇ ಸಾಕ್ಷಿ ಹೇಳಿಬಿಡೋಣ ಎಂದುಕೊಂಡಿದ್ದರೆ, ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದ ತೀರ್ಪನ್ನು ನಿಮ್ಮ ವಕೀಲರೊಡನೆ ಚರ್ಚಿಸಿ: ತಾಯಿಯವರಿಗೆ ಮಾತ್ರ ಸ್ವತಃ ತಿಳಿದ ಸಂಗತಿಗಳ ಬಗ್ಗೆ ಮುಖ್ತಿಯಾರರು ಅವರ ಪರವಾಗಿ ಸಾಕ್ಷ್ಯ ನುಡಿಯುವಂತಿಲ್ಲ. ನಿವೇಶನ ಕೊಂಡದ್ದು, ಅದರ ಸ್ವಾಧೀನ ಪಡೆದದ್ದು, ಚೆಕ್ಕುಬಂದಿ ಗುರುತಿಸಿದ್ದು ನಿಮಗೆ ತಿಳುವಳಿಕೆ ಬರುವ ಮುಂಚಿನ ಸಂಗತಿಗಳಾಗಿದ್ದರೆ, ಪಾಟೀಸವಾಲನ್ನು ತಾಯಿಯವರೇ ಎದುರಿಸಬೇಕು, ಮನೆಯಲ್ಲಿ ಕುಳಿತಾದರೂ ಸರಿ.